ಹೊಗೆ ಹಿಡಿದ ವಹಿ, ಜಾಗ ಬಿಟ್ಟ ಪದ

ಕಲಬುರಗಿ

ತಂಗೀ,

ನಿನ್ನ ಲೇಖನ ಎರಡು ಸಲ ಓದಿದೆ. ತೊಗರಿ ಹೊಲದ ಮಿಡತೆಯನ್ನೂ ಭೀಮಾ ನದಿಯ ಏಡಿಯನ್ನೂ ಒಂದೇ ಪುಟಕ್ಕೆ ತಂದದ್ದು ನನಗೆ ಸೇರಿತು. ಆದರೆ ‘ಇವು ಅಕ್ಕತಂಗಿಯರೆಂದು ಡಿಎನ್‌ಎ ಸಾಬೀತು ಮಾಡಿದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀ. ನಮ್ಮ ಮಂದಿ ಕೇಳುವುದೇ ಅದನ್ನ: ಹೆಂಗ ಗೊತ್ತಾತು?

ನಾನೂ ತಪ್ಪಿದವನೇ. 1990ರ ಸುಮಾರಿಗೆ, ಕೀಟಗಳಿಗೆ ಜರಿಯೇ (ಶತಪದಿಯೇ) ಹತ್ತಿರದ ನೆಂಟ ಎಂದು ಬರೆದಿದ್ದೆ. ಪಠ್ಯಪುಸ್ತಕಗಳೂ ಹಾಗೇ ಹೇಳುತ್ತಿದ್ದವು. ಎರಡಕ್ಕೂ ಮೈತುಂಬ ಗಾಳಿಕೊಳವೆ, ತಲೆಗೆ ಒಂದೇ ಜೊತೆ ಮೀಸೆ. ಏಡಿ, ಸೀಗಡಿಗೆ ಎರಡು ಜೊತೆ.

ತತ್ವಪದದ ಕೈಬರಹದ ವಹಿಗಳನ್ನು ಹೋಲಿಸಿ ನೋಡಿದ್ದೀಯಾ? ಜೇವರ್ಗಿ ಕಡೆಯ ಎರಡು ಹಳ್ಳಿಗಳ ವಹಿ ನನ್ನ ಹತ್ತಿರ ಇವೆ. ಎರಡೂ ಹೊಗೆಗೆ ಕಪ್ಪಾಗಿವೆ. ಅದರಿಂದ ನೆಂಟಸ್ತನ ತಿಳಿಯದು. ಎರಡೂ ಮನೆಯಲ್ಲಿ ಒಲೆಯ ಮೇಲಿನ ಗೂಡಿನಲ್ಲಿಟ್ಟಿದ್ದರು, ಅಷ್ಟೆ. ಆದರೆ ಎರಡರಲ್ಲೂ ಒಂದೇ ಪದ, ಅಂದರೆ ಒಂದೇ ಹಾಡು, ತನ್ನ ಜಾಗ ಬಿಟ್ಟು, ಅವೇ ಬೇರೆ ಎರಡು ಪದಗಳ ನಡುವೆ ಸೇರಿಕೊಂಡಿದೆ. ಇಬ್ಬರು ಬರೆಯುವವರು ಬೇರೆಬೇರೆ ಕೂತು ಅದೇ ತಪ್ಪು ಮಾಡುವುದು ಅಪರೂಪ. ಮೂಲ ಒಂದೇ.

ಗಾಳಿಕೊಳವೆ ಎಂಬುದು ಆ ಹೊಗೆ. ನೆಲಕ್ಕೆ ಬಂದ ಮೇಲೆ ಜರಿಯೂ ಕೀಟವೂ ತಂತಮ್ಮ ಪಾಡಿಗೆ ಮಾಡಿಕೊಂಡದ್ದು. ಜೀವಿಗಳಲ್ಲಿ ಅಂಥ ಜಾಗ ಬಿಟ್ಟ ಪದವನ್ನು 1998ರಲ್ಲಿ ಬೂರ್, ಲಾವ್ರೊವ್, ಬ್ರೌನ್ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ಸಾಲಾಗಿ ಕೂತ 37 ಜೀನ್‌ಗಳ ಪೈಕಿ, ಪ್ರೋಟೀನ್ ಕಟ್ಟಲು ಬೇಕಾದ ಲ್ಯೂಸಿನ್ ಎಂಬ ಬಿಡಿಭಾಗವನ್ನು ಹೊರುವ ಟಿಆರ್‌ಎನ್‌ಎಯ ಒಂದು ಪುಟ್ಟ ಜೀನ್ ಕೀಟಗಳಲ್ಲೂ ಏಡಿ, ಸೀಗಡಿಗಳ ಗುಂಪಾದ ಕಠಿಣಚರ್ಮಿಗಳಲ್ಲೂ ಸಿಒ1, ಸಿಒ2 ಎಂಬೆರಡು ಜೀನ್‌ಗಳ ನಡುವೆ ಬಂದು ಸೇರಿದೆ. ಜರಿಯಲ್ಲಿ ಅದು ಹಳೆಯ ಜಾಗದಲ್ಲೇ ಇದೆ. ನಿನ್ನ ಲೇಖನ ಇಲ್ಲಿಂದಲೇ ಶುರುವಾಗಲಿ.

ಆ ‘ಅಕ್ಕತಂಗಿ’ಯನ್ನೂ ಹೊಡೆದುಹಾಕು. 2010ರಲ್ಲಿ ವಿಜ್ಞಾನಿ ರೀಜಿಯರ್ ತಂಡ 75 ಜಾತಿಯ ಸಂಧಿಪದಿಗಳಲ್ಲಿ (ಕೀಟ, ಜರಿ, ಏಡಿಯಂಥ ಕೀಲುಗಾಲಿನ ಪ್ರಾಣಿಗಳಲ್ಲಿ) 62 ಜೀನ್‌ಗಳನ್ನು ಹೋಲಿಸಿದಾಗ, ಕೀಟಗಳು ಕಠಿಣಚರ್ಮಿಗಳ ಮನೆಯೊಳಗಿನದೇ ಒಂದು ಕವಲು ಎಂದು ಕಂಡಿತು. ಏಡಿಗಿಂತ ಹತ್ತಿರದ್ದು ರೆಮಿಪೀಡ್, ಕಡಲಂಚಿನ ಗವಿಗಳ ಕತ್ತಲ ನೀರಲ್ಲಿ ಈಜುವ ಕುರುಡು ಪ್ರಾಣಿ. ನೋಡಲು ಥೇಟ್ ಜರಿ! ಅದು ಕೇಳಿ ನಾನು ಒಬ್ಬನೇ ನಕ್ಕಿದ್ದೆ.

ಶನಿವಾರ ಸಂಜೆ ತಿದ್ದಿದ ಪ್ರತಿ ಹಿಡಿದು ಬಾ. ವಹಿಗಳನ್ನು ಕೆಳಗಿಳಿಸಿ ಇಟ್ಟಿರುತ್ತೇನೆ.

ನಿನ್ನ ಕಾಕಾ