ಮೇಳದಲ್ಲಿ ನಿಲ್ಲುವ ಹದಿನೈದು ಮಕ್ಕಳ ಬಗ್ಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ವಾರ ಒಬ್ಬ ತಾಯಿ ನನ್ನ ಕೊಠಡಿಗೆ ಬಂದಿದ್ದರು. ಅವರ ಮಗಳು ಎರಡು ತಿಂಗಳಿಂದ ಶಾಲೆ ಬಿಟ್ಟ ಮೇಲೂ ನಾಟಕದ ತಾಲೀಮಿಗೆ ನಿಲ್ಲುತ್ತಿದ್ದಾಳೆ. ಮನೆಗೆ ಹೋದರೂ ಅದೇ ಹಾಡು, ಅದೇ ಹೆಜ್ಜೆ. "ಇಷ್ಟೆಲ್ಲ ಮಾಡಿದರೂ ಅವಳಿಗೊಂದು ಪಾತ್ರ ಇಲ್ಲವಂತೆ ಮೇಡಂ. ಗುಂಪಲ್ಲಿ ಗೋವಿಂದ ಅನ್ನೋ ಹಾಗೆ ಹದಿನೈದು ಜನರ ಜೊತೆ ನಿಲ್ಲಿಸಿದ್ದೀರಂತೆ" ಎಂದರು. ಬೇಜಾರು ಅವರ ಮುಖದಲ್ಲೇ ಕಾಣುತ್ತಿತ್ತು. ನನಗೆ ತಿಳಿದದ್ದನ್ನು ಅವರಿಗೆ ಅಲ್ಲೇ ಹೇಳಿದೆ. ಇದೇ ಬೇಜಾರು ಇನ್ನೂ ಕೆಲವು ಮನೆಗಳಲ್ಲಿ ಇರಬಹುದು ಅನಿಸಿ ಎಲ್ಲರಿಗೂ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಈ ಸಲ ಆಡುತ್ತಿರುವುದು ಸೊಫೊಕ್ಲಿಸ್ ಎಂಬ ಗ್ರೀಕ್ ಕವಿಯ 'ಅಂತಿಗೊನೆ'. ಅದು ಅಥೆನ್ಸ್ ನಗರದಲ್ಲಿ ಮೊದಲ ಸಲ ರಂಗಕ್ಕೆ ಬಂದದ್ದು ಕ್ರಿ.ಪೂ. 441ರ ಸುಮಾರಿಗೆ. ಕತೆ ಚಿಕ್ಕದು. ಥೀಬ್ಸ್ ಎಂಬ ಊರಿನಲ್ಲಿ ಅಣ್ಣತಮ್ಮ ಇಬ್ಬರು ಪಟ್ಟಕ್ಕಾಗಿ ಹೊಡೆದಾಡಿ ಒಬ್ಬರ ಕೈಯಲ್ಲಿ ಒಬ್ಬರು ಸಾಯುತ್ತಾರೆ. ಅವರ ಸೋದರಮಾವ ಕ್ರಿಯಾನ್ ದೊರೆಯಾಗುತ್ತಾನೆ. ಊರಿನ ಪರ ನಿಂತವನಿಗೆ ಮರ್ಯಾದೆಯಿಂದ ಮಣ್ಣು, ಊರ ಮೇಲೆ ಸೈನ್ಯ ತಂದವನ ಹೆಣ ನಾಯಿ ಹದ್ದುಗಳಿಗೆ ಎಂದು ಸಾರುತ್ತಾನೆ. ಸತ್ತವರ ತಂಗಿ ಅಂತಿಗೊನೆ ಆ ಮಾತು ಕೇಳುವುದಿಲ್ಲ. ಹೋಗಿ ಅಣ್ಣನ ಹೆಣದ ಮೇಲೆ ಹಿಡಿ ಮಣ್ಣು ಹಾಕುತ್ತಾಳೆ, ಸಿಕ್ಕಿಬೀಳುತ್ತಾಳೆ, ಮಾಡಿದ್ದನ್ನು ಒಪ್ಪಿಕೊಳ್ಳುತ್ತಾಳೆ. ಅವಳನ್ನು ಜೀವಂತವಾಗಿ ಬಂಡೆಯ ಗವಿಯೊಳಗೆ ಮುಚ್ಚಲು ದೊರೆ ಹೇಳುತ್ತಾನೆ. ಅವಳನ್ನು ಮದುವೆಯಾಗಬೇಕಿದ್ದವನು ಅದೇ ದೊರೆಯ ಮಗ ಹೈಮನ್.

ಈಗ ಮೇಳದ ವಿಷಯಕ್ಕೆ ಬರುತ್ತೇನೆ. ಮೇಳ ಅಂದರೆ ಒಟ್ಟಿಗೆ ಹಾಡುತ್ತಾ ಕುಣಿಯುವ ಗುಂಪು, ಇಂಗ್ಲಿಷಿನಲ್ಲಿ ಕೋರಸ್. ಆ ಹದಿನೈದು ಮಕ್ಕಳು ನಿಂತಿರುವುದು ಅದರಲ್ಲೇ. ಇವತ್ತು ನಾಟಕ ಅಂದ ಕೂಡಲೇ ನಾವು ಕೇಳುವುದು ಮುಖ್ಯ ಪಾತ್ರ ಯಾರದ್ದು ಅಂತ, ಅಲ್ವಾ? ಅಥೆನ್ಸಿನಲ್ಲಿ ನಾಟಕ ಹುಟ್ಟಿದ್ದೇ ಮೇಳದಿಂದ. ಪ್ರತಿ ವರ್ಷ ವಸಂತದಲ್ಲಿ ಡಯೊನೈಸಸ್ ದೇವರ ಉತ್ಸವ ನಡೆಯುತ್ತಿತ್ತು, ಅದರಲ್ಲಿ ನಾಟಕದ ಸ್ಪರ್ಧೆ. ಸ್ಪರ್ಧೆಗೆ ಬರಬೇಕೆಂದಿದ್ದ ಕವಿ ನಗರದ ಅಧಿಕಾರಿಯ ಹತ್ತಿರ ಹೋಗಿ ಕೇಳುತ್ತಿದ್ದದ್ದು ಏನು ಗೊತ್ತಾ? "ನನಗೊಂದು ಮೇಳ ಕೊಡಿ" ಎಂದು. ಮೇಳ ಸಿಕ್ಕಿತು ಅಂದರೆ ನಾಟಕಕ್ಕೆ ಅವಕಾಶ ಸಿಕ್ಕಿತು ಅಂತ ಅರ್ಥ. ಮೇಳದ ಖರ್ಚನ್ನು ಊರಿನ ಒಬ್ಬ ಶ್ರೀಮಂತ ಹೊರಬೇಕಿತ್ತು. ತೆರಿಗೆಯ ಹಾಗೆ ಅದು ಅವನ ಕರ್ತವ್ಯ. ಮೇಳದಲ್ಲಿ ನಿಲ್ಲುತ್ತಿದ್ದವರು ಊರಿನ ನಾಗರಿಕರೇ. ತಾಲೀಮು ನಡೆಯುವಷ್ಟು ದಿನ ಅವರಿಗೆ ಸೈನ್ಯದ ಕೆಲಸದಿಂದಲೂ ಬಿಡುವು ಕೊಡುತ್ತಿದ್ದರು.

ನಟರು ಬಂದದ್ದು ಆಮೇಲೆ. ಥೆಸ್ಪಿಸ್ ಎಂಬಾತ ಮೇಳದಿಂದ ಬೇರೆಯಾಗಿ ನಿಂತು ಮಾತಾಡಿದ ಮೊದಲ ನಟ ಎಂದು ಗ್ರೀಕರು ಹೇಳುತ್ತಿದ್ದರು. ಎರಡನೇ ನಟನನ್ನು ತಂದವನು ಈಸ್ಕಿಲಸ್ ಎಂಬ ಕವಿ, ಮೂರನೆಯವನನ್ನು ತಂದವನು ಸೊಫೊಕ್ಲಿಸ್. ಅಲ್ಲಿಗೆ ನಿಂತಿತು. ಎಷ್ಟೇ ಪಾತ್ರಗಳಿದ್ದರೂ ಮೂವರೇ ಮುಖವಾಡ ಬದಲಿಸಿ ಬದಲಿಸಿ ಆಡಬೇಕು. ಮೇಳ ಮಾತ್ರ ಹದಿನೈದು ಜನ. ನಮ್ಮ ಹದಿನೈದು ಎಲ್ಲಿಂದ ಬಂತು ಎಂದು ಕೇಳಿದವರಿಗೆ ಇದೇ ಉತ್ತರ. ಇವತ್ತು ಆರ್ಕೆಸ್ಟ್ರಾ ಅಂದರೆ ನಮಗೆ ವಾದ್ಯದವರು. ಗ್ರೀಕರಿಗೆ ಅದು ಮೇಳ ಕುಣಿಯುವ ಅಂಗಳದ ಹೆಸರು. ಜನ ಕೂರುತ್ತಿದ್ದದ್ದು ಆ ಅಂಗಳವನ್ನು ಮೂರು ಕಡೆಯಿಂದ ಸುತ್ತುವರಿದು.

ಯಕ್ಷಗಾನ ನೋಡಿದವರಿಗೆ ಹಾಡು ಮಾತು ಒಂದರ ಹಿಂದೆ ಒಂದು ಬರುವುದು ಹೊಸದೇನಲ್ಲ. ಆದರೆ ಭಾಗವತರು ಕತೆಯ ಹೊರಗೆ ನಿಂತು ಹಾಡುತ್ತಾರೆ. ಗ್ರೀಕ್ ಮೇಳ ಹಾಡುತ್ತದೆ, ಕುಣಿಯುತ್ತದೆ, ಜೊತೆಗೆ ಕತೆಯೊಳಗಿನ ಜನವೂ ಅದೇ. ನಮ್ಮ ನಾಟಕದಲ್ಲಿ ಅವರು ಥೀಬ್ಸಿನ ಹಿರಿಯರು. ದೊರೆ ಮೊದಲು ಆಜ್ಞೆ ಹೇಳಿದಾಗ ಅವರು ಎದುರು ಮಾತಾಡುವುದಿಲ್ಲ. ನೀನು ದೊರೆ, ನಿನ್ನ ಮಾತೇ ಕಾನೂನು ಎಂದುಬಿಡುತ್ತಾರೆ. ಹೈಮನ್ ಬಂದು ಅಪ್ಪನಿಗೆ ಬುದ್ಧಿ ಹೇಳಿದಾಗ, ಹುಡುಗನ ಮಾತಲ್ಲೂ ಹುರುಳಿದೆ, ನಿಮ್ಮ ಮಾತಲ್ಲೂ ಇದೆ ಎನ್ನುತ್ತಾರೆ. ಕೊನೆಗೆ ಕುರುಡ ಕಣಿಗಾರ ಟೈರೀಸಿಯಸ್ ಕೆಟ್ಟದ್ದಾಗುತ್ತದೆ ಎಂದು ಹೇಳಿ ಹೋದ ಮೇಲೆ ದೊರೆಯೇ ಹೆದರಿ ಕೇಳುತ್ತಾನೆ, ನಾನೀಗ ಏನು ಮಾಡಲಿ? ಮೇಳ ಆಗ ನೇರವಾಗಿ ಹೇಳುತ್ತದೆ: ಹೋಗು, ಹುಡುಗಿಯನ್ನು ಗವಿಯಿಂದ ಬಿಡಿಸು, ಸತ್ತವನಿಗೆ ಮಣ್ಣು ಮಾಡು. ದೊರೆ ಓಡುತ್ತಾನೆ. ಆದರೆ ಮೊದಲು ಹೆಣಕ್ಕೆ ಸಂಸ್ಕಾರ ಮುಗಿಸಿ, ಆಮೇಲೆ ಗವಿಗೆ ಹೋಗುತ್ತಾನೆ. ಹೋಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಈ ಭಾಗದ ತಾಲೀಮು ಮುಗಿದ ಸಂಜೆ ನಾನೂ ಅಲ್ಲೇ ಕೂತಿದ್ದೆ. ಮೇಲೆ ಹೇಳಿದ ತಾಯಿಯ ಮಗಳು ಸಾಲಿನಲ್ಲಿ ಮೂರನೆಯವಳು. ನೀರಿನ ಬಾಟಲಿ ಕೈಯಲ್ಲಿ ಹಿಡಿದುಕೊಂಡು ಬಂದು, "ಮೇಡಂ, ನಾವು ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು. ಹಿರಿಯರು ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ, ನಾವು ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅಂತಿಗೊನೆಯ ಪಾತ್ರ ಮಾಡುವ ಹುಡುಗಿಗೆ ಈ ಪ್ರಶ್ನೆ ಬರುವುದಿಲ್ಲ, ಅವಳು ಮೊದಲಿಂದಲೂ ಹೇಳುತ್ತಲೇ ಇರುತ್ತಾಳೆ. ದೊರೆಗೂ ಬರುವುದಿಲ್ಲ. ಎಲ್ಲ ನೋಡುತ್ತಾ ಬದಿಯಲ್ಲಿ ನಿಂತವರಿಗೇ ಅದು ಚುಚ್ಚುವುದು. ಆ ದಿನ ಮೂವರು ನಾಲ್ವರು ಮಕ್ಕಳು ಗೇಟಿನ ತನಕ ಅದನ್ನೇ ಚರ್ಚೆ ಮಾಡುತ್ತಾ ಹೋದರು.

ಇವತ್ತಿನ ನಾಟಕಗಳಲ್ಲಿ ಮೇಳ ಬಹಳ ಕಡಿಮೆಯಾಗಿದೆ. ನಮ್ಮ ಕಾಲದ ನಾಟಕ ಮನೆಯ ನಡುಮನೆಗೆ ಬಂತು. ಗಂಡ ಹೆಂಡತಿ, ಅಪ್ಪ ಮಗ, ಒಬ್ಬರ ಒಳಗಿನ ನೋವು. ಅದರಲ್ಲಿ ಒಳ್ಳೆಯ ನಾಟಕಗಳು ಎಷ್ಟೋ ಇವೆ, ನಾನೂ ಇಷ್ಟಪಟ್ಟು ನೋಡುತ್ತೇನೆ. ಆದರೆ ನಡುಮನೆಯಲ್ಲಿ ಊರಿಗೆ ಜಾಗ ಇಲ್ಲ. ಶಾಲೆಯ ನಾಟಕದಲ್ಲಿ ಊರು ಇರಬೇಕು ಅನ್ನುವುದು ನನ್ನ ಆಸೆ.

ಮುಖವಾಡದ ಬಗ್ಗೆಯೂ ಕೆಲವರು ಕೇಳಿದ್ದೀರಿ. ಮಕ್ಕಳ ಮುಖವೇ ಕಾಣದಿದ್ದರೆ ಹೇಗೆ, ಫೋಟೊ ತೆಗೆಯುವುದು ಹೇಗೆ ಅಂತ. ಗ್ರೀಕ್ ನಟರೂ ಮೇಳದವರೂ ಮುಖವಾಡ ಹಾಕಿಯೇ ಆಡುತ್ತಿದ್ದರು. ಬಟ್ಟೆಗೆ ಅಂಟು ಹಚ್ಚಿ ಗಟ್ಟಿ ಮಾಡಿದ ಹಗುರ ಮುಖವಾಡಗಳು. ಹಾಳಾಗುವ ವಸ್ತು ಆದ್ದರಿಂದ ಆ ಕಾಲದ ಒಂದೂ ಉಳಿದಿಲ್ಲ. ಹೂಜಿಗಳ ಮೇಲಿನ ಚಿತ್ರ, ಮಣ್ಣಿನಲ್ಲಿ ಮಾಡಿದ ಮಾದರಿ ನೋಡಿ ತಿಳಿದುಕೊಂಡಿದ್ದೇವೆ ಅಷ್ಟೇ. ಇವತ್ತಿನ ರಂಗದ ಮೇಲೆ ನಟ ಹುಬ್ಬು ಏರಿಸಿದರೂ ಲೈಟು ಅದನ್ನು ತೋರಿಸುತ್ತದೆ. ಸಾವಿರಾರು ಜನ ಬೆಟ್ಟದ ಇಳಿಜಾರಿನಲ್ಲಿ ದೂರ ದೂರ ಕೂತಾಗ ಹುಬ್ಬು ಯಾರಿಗೆ ಕಾಣುತ್ತದೆ? ಅಲ್ಲಿ ಕೆಲಸ ಮಾಡಬೇಕಿದ್ದದ್ದು ದನಿ ಮತ್ತು ಮೈ.

ನಮ್ಮ ಮಕ್ಕಳು ಹಳೇ ಪೇಪರು, ಮೈದಾ ಅಂಟಿನಲ್ಲಿ ಮುಖವಾಡ ಮಾಡಿಕೊಂಡಿದ್ದಾರೆ. ಹಾಕಿಕೊಂಡರೆ ಪಕ್ಕದವರು ಕಾಣುವುದಿಲ್ಲ. ಮೊದಲ ದಿನ ಒಬ್ಬರ ಕಾಲು ಒಬ್ಬರು ತುಳಿದರು. ಎರಡನೇ ದಿನ ಇಬ್ಬರು ಡಿಕ್ಕಿ ಹೊಡೆದು ಒಂದು ಮುಖವಾಡದ ಮೂಗು ಹೋಯಿತು. ಮೂರನೇ ವಾರದ ಹೊತ್ತಿಗೆ ಅವರಿಗೇ ಉಪಾಯ ಸಿಕ್ಕಿತು. ಪಕ್ಕದವರ ಉಸಿರು ಕೇಳಿಸಿಕೊಂಡು ಹೆಜ್ಜೆ ಎತ್ತುವುದು. ಆ ದಿನ ಹಾಡಿಗೆ ಮುಂಚೆ ಹದಿನೈದು ಮಕ್ಕಳು ಒಟ್ಟಿಗೆ ಉಸಿರು ಎಳೆದುಕೊಂಡದ್ದು ಹತ್ತು ಅಡಿ ದೂರದಲ್ಲಿದ್ದ ನನಗೆ ಕೇಳಿಸಿತು. ಮೂವತ್ತು ವರ್ಷಕ್ಕೆ ಹತ್ತಿರವಾಯಿತು ನಾನು ಪಾಠ ಮಾಡಲು ಶುರುಮಾಡಿ. ಹೀಗೆ ಮೈ ಜುಮ್ಮೆಂದ ಸಂಜೆಗಳು ಜಾಸ್ತಿ ಇಲ್ಲ.

ಫೋಟೊಗೆ ಯೋಚನೆ ಬೇಡ. ನಾಟಕ ಮುಗಿದ ಮೇಲೆ ಮುಖವಾಡ ತೆಗೆದು ಎಲ್ಲರೂ ನಿಲ್ಲುತ್ತಾರೆ.

ಒಂದು ವಿಷಯದಲ್ಲಿ ನಾವು ಅಥೆನ್ಸಿನ ದಾರಿ ಹಿಡಿಯುವುದಿಲ್ಲ. ಅಲ್ಲಿ ಹೆಂಗಸರು ರಂಗ ಹತ್ತುವಂತಿರಲಿಲ್ಲ. ಅಂತಿಗೊನೆಯಂಥ ಹೆಣ್ಣಿನ ಪಾತ್ರವನ್ನೂ ಗಂಡಸೇ ಆಡಬೇಕಿತ್ತು. ಹೆಂಗಸರು, ಗುಲಾಮರು ಆ ನಗರದ ಸಭೆಯಲ್ಲಿ ಮಾತಾಡುವಂತೆಯೂ ಇರಲಿಲ್ಲ. ಆ ಊರನ್ನು ಹೊಗಳುವಾಗ ಇದನ್ನೂ ಮಕ್ಕಳಿಗೆ ಹೇಳಿದ್ದೇವೆ. ನಮ್ಮಲ್ಲಿ ಅಂತಿಗೊನೆ ಹುಡುಗಿಯೇ. ಮೇಳದಲ್ಲಿ ಹುಡುಗ ಹುಡುಗಿಯರು ಬೆರೆತು ನಿಲ್ಲುತ್ತಾರೆ.

ಮಧ್ಯಾಹ್ನ ಬಯಲಲ್ಲಿ ಯಾಕೆ, ಸಭಾಂಗಣ ಇದೆಯಲ್ಲ ಎಂಬುದು ಇನ್ನೊಂದು ಪ್ರಶ್ನೆ. ಕತ್ತಲೆಯಲ್ಲಿ ಕೂತು ಬೆಳಕಿನಲ್ಲಿರುವ ರಂಗ ನೋಡುವ ಅಭ್ಯಾಸ ನಾಟಕಕ್ಕೆ ತೀರಾ ಹೊಸದು. ಜರ್ಮನಿಯ ಬೈರಾಯ್ಟ್ ಎಂಬಲ್ಲಿ 1876ರಲ್ಲಿ ವಾಗ್ನರ್ ತನ್ನ ಸಂಗೀತ ನಾಟಕಗಳಿಗೆ ಜನ ಕೂರುವ ಕಡೆ ಕತ್ತಲು ಮಾಡಿದ. ಲಂಡನ್ನಿನ ಸವಾಯ್ ಥಿಯೇಟರಿಗೆ 1881ರಲ್ಲಿ ವಿದ್ಯುತ್ ದೀಪ ಬಂತು. ಆಮೇಲೆ ಕತ್ತಲೇ ರೂಢಿಯಾಯಿತು. ಅಥೆನ್ಸಿನವರು ನಾಟಕ ನೋಡುತ್ತಿದ್ದದ್ದು ಹಗಲು ಬೆಳಕಿನಲ್ಲಿ, ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ. ಸೊಫೊಕ್ಲಿಸ್ ಕಾಲದಲ್ಲಿ ಅಲ್ಲಿದ್ದದ್ದು ಮರದ ಬೆಂಚು, ಕಲ್ಲಿನ ಸಾಲುಗಳು ಬಂದದ್ದು ಆಮೇಲೆ. ಅಂಗಳದ ಆಚೆ ಕೂತವರ ಮುಖ ಈಚೆಯವರಿಗೆ ಕಾಣುತ್ತಿತ್ತು. ಪಕ್ಕದ ಮನೆಯವನು ಯಾವ ಮಾತಿಗೆ ಕಣ್ಣು ಒರೆಸಿಕೊಂಡ ಎಂದು ತಿಳಿಯುತ್ತಿತ್ತು. ನಮ್ಮ ಆಟದ ಬಯಲಿನ ಮೆಟ್ಟಿಲುಗಳ ಮೇಲೆ ನೀವು ಕೂತಾಗ ನಿಮಗೂ ಹಾಗೇ ಆಗಲಿ ಎಂದು ನನ್ನ ಆಸೆ.

ಮೈಕು ಇರುವುದಿಲ್ಲ. ಗ್ರೀಸಿನ ಎಪಿಡಾರಸ್ ಎಂಬಲ್ಲಿ ಕ್ರಿ.ಪೂ. ನಾಲ್ಕನೇ ಶತಮಾನದ ಬಯಲು ರಂಗಮಂದಿರ ಇನ್ನೂ ಚೆನ್ನಾಗಿ ಉಳಿದಿದೆ. 55 ಸಾಲು ಕಲ್ಲಿನ ಆಸನಗಳು. ಈಗಲೂ ಬೇಸಿಗೆಯಲ್ಲಿ ಅಲ್ಲಿ ಹಳೆಯ ನಾಟಕಗಳನ್ನು ಆಡುತ್ತಾರೆ. ನಡುವೆ ನಾಣ್ಯ ಬಿದ್ದರೂ ಕೊನೆಯ ಸಾಲಿಗೆ ಕೇಳಿಸುತ್ತದೆ ಎಂಬ ಮಾತಿದೆ. ನೆದರ್ಲೆಂಡ್ಸಿನ ತಜ್ಞರು ಅಳೆದು ನೋಡಿ 2017ರಲ್ಲಿ ಹೇಳಿದ್ದು ಬೇರೆ: ಪಿಸುಮಾತು ಅಷ್ಟು ದೂರ ಹೋಗುವುದಿಲ್ಲ, ಗಟ್ಟಿಯಾಗಿ ಆಡಿದ ಮಾತು ಕೊನೆಯ ತನಕ ತಿಳಿಯುತ್ತದೆ. ನನಗೆ ಈ ನಿಜವೇ ಜಾಸ್ತಿ ಇಷ್ಟ. ಕಲ್ಲು ಅರ್ಧ ಕೆಲಸ ಮಾಡುತ್ತದೆ, ಉಳಿದದ್ದು ಗಂಟಲು ಮಾಡಬೇಕು. ಮಕ್ಕಳು ಎರಡು ತಿಂಗಳಿಂದ ಬಯಲಿನ ಈ ತುದಿಯಿಂದ ಆ ತುದಿಗೆ ಮಾತಾಡಿ ದನಿ ಬೆಳೆಸಿಕೊಂಡಿದ್ದಾರೆ.

ಸಾವುಗಳಿರುವ ನಾಟಕ ಮಕ್ಕಳಿಗೆ ಬೇಕಾ ಎಂದು ಇಬ್ಬರು ತಂದೆಯರು ಕೇಳಿದರು. ಕೇಳಬೇಕಾದ ಮಾತೇ. ಗ್ರೀಕ್ ದುರಂತ ನಾಟಕಗಳಲ್ಲಿ ಕೊಲೆ, ಸಾವು ಸಾಮಾನ್ಯವಾಗಿ ಜನರ ಕಣ್ಣೆದುರು ನಡೆಯುವುದಿಲ್ಲ. ದೂತನೊಬ್ಬ ಬಂದು ಹೇಳುತ್ತಾನೆ. ಇವತ್ತಿನ ಸಿನಿಮಾ, ಫೋನು ಎಲ್ಲವನ್ನೂ ಎದುರಿಗೇ ತೋರಿಸುತ್ತವೆ, ಅದನ್ನು ನೋಡಿ ನೋಡಿ ಮಕ್ಕಳ ಮನಸ್ಸು ಜಡ್ಡುಗಟ್ಟುತ್ತದೆ ಎನ್ನುವುದು ನನ್ನ ಅನಿಸಿಕೆ. ದೂತನ ಮಾತು ಕೇಳಿದ ಮಗು ಒಂದು ಗಳಿಗೆ ಸುಮ್ನೆ ಕೂರುತ್ತದೆ. ಆದರೂ ಆ ಭಾಗವನ್ನು ಚಿಕ್ಕದು ಮಾಡಿದ್ದೇವೆ. ಮಕ್ಕಳ ಜೊತೆ ಕೂತು ಅದರ ಬಗ್ಗೆ ಬಿಚ್ಚಿ ಮಾತಾಡಿದ್ದೇವೆ. ನಿಮ್ಮ ಮಗುವಿಗೆ ಅದು ಕಷ್ಟವಾಗುತ್ತಿದೆ ಅನಿಸಿದರೆ ದಯವಿಟ್ಟು ನನಗೆ ಹೇಳಿ.

ಪರದೇಶದ ನಾಟಕ ಯಾಕೆ ಎಂದವರೂ ಇದ್ದಾರೆ. ಗ್ರೀಕ್ ನಾಟಕ ಕನ್ನಡಕ್ಕೆ ಬಂದು ಬಹಳ ಕಾಲವಾಯಿತು. ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದ ಕತೆಗೆ ಹೊಂದಿಸಿ 'ಅಶ್ವತ್ಥಾಮನ್' ಬರೆದರು. ಈಸ್ಕಿಲಸನ ನಾಟಕವೊಂದನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಅಂತಿಗೊನೆಯನ್ನು ಪಿ. ಲಂಕೇಶ್ ಕನ್ನಡಿಸಿದ್ದಾರೆ. ನಮ್ಮ ಮಕ್ಕಳು ಆಡುತ್ತಿರುವುದು ನಮ್ಮ ಕನ್ನಡ ಮೇಷ್ಟ್ರು ಶಾಲೆಗಾಗಿ ಚಿಕ್ಕದು ಮಾಡಿ ಬರೆದುಕೊಟ್ಟದ್ದು.

'ಪಾರಸಿಕರು' ಬಗ್ಗೆ ಒಂದು ಮಾತು ಹೇಳಲೇಬೇಕು. ಇವತ್ತಿಗೆ ಉಳಿದಿರುವ ಗ್ರೀಕ್ ನಾಟಕಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು ಎಂದು ಹೇಳುತ್ತಾರೆ. ಆಡಿದ್ದು ಕ್ರಿ.ಪೂ. 472ರಲ್ಲಿ. ಅದಕ್ಕೆ ಎಂಟೇ ವರ್ಷ ಮುಂಚೆ ಪರ್ಷಿಯದ ಸೈನ್ಯ ಬಂದು ಅಥೆನ್ಸನ್ನು ಸುಟ್ಟಿತ್ತು, ಸಲಾಮಿಸ್ ಕಡಲ ಯುದ್ಧದಲ್ಲಿ ಸೋತು ಹೋಗಿತ್ತು. ನಾಟಕ ನೋಡಲು ಕೂತವರಲ್ಲಿ ಆ ಯುದ್ಧದಲ್ಲಿ ಹಡಗಿನ ಹುಟ್ಟು ಹಾಕಿದವರಿದ್ದರು. ಈಸ್ಕಿಲಸ್ ಅವರ ಮುಂದೆ ತಂದದ್ದು ಗೆದ್ದ ಗ್ರೀಕರ ಮೆರವಣಿಗೆಯನ್ನಲ್ಲ. ಶತ್ರುವಿನ ಅರಮನೆ ತೋರಿಸಿದ. ಮಗನ ದಾರಿ ಕಾಯುವ ತಾಯಿಯನ್ನು, ಸತ್ತವರ ಹೆಸರು ಹಿಡಿದು ಅಳುವ ಪರ್ಷಿಯದ ಹಿರಿಯರ ಮೇಳವನ್ನು ತೋರಿಸಿದ. ಆ ಮೇಳದಲ್ಲಿ ನಿಂತು ಶತ್ರುವಿನ ದುಃಖ ಹಾಡಿದವರು ಅಥೆನ್ಸಿನ ನಾಗರಿಕರು. ಆ ವರ್ಷದ ಬಹುಮಾನವೂ ಅದಕ್ಕೇ ಬಂತು.

ಇನ್ನು ನಿಮ್ಮಿಂದ ಆಗಬೇಕಾದ ಕೆಲಸ. ಮೇಳದ ಮಕ್ಕಳಿಗೆ ಒಂದೊಂದು ಹಳೇ ಬಿಳಿ ಪಂಚೆ ಬೇಕು. ಅಂಚಿದ್ದರೂ ಪರವಾಗಿಲ್ಲ, ಹೊಸದು ಕೊಳ್ಳಬೇಡಿ. ಸೋಮವಾರದೊಳಗೆ ಒಗೆದು ಕಳಿಸಿ. ನಾಟಕ ಮುಂದಿನ ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ. ಒಂದೇ ಪ್ರದರ್ಶನ. ಅಥೆನ್ಸಿನಲ್ಲೂ ಉತ್ಸವಕ್ಕೆ ಬರೆದ ನಾಟಕವನ್ನು ಆ ಉತ್ಸವದಲ್ಲಿ ಒಂದೇ ಸಲ ಆಡುತ್ತಿದ್ದರು. ಹಾಗಾಗಿ ತಡ ಮಾಡಬೇಡಿ. ಬಿಸಿಲು ಎದುರಿಗೆ ಬರುವುದರಿಂದ ಟೋಪಿ ತನ್ನಿ, ಕೂರಲು ಒಂದು ಟವಲ್ ತನ್ನಿ. ಅಜ್ಜ ಅಜ್ಜಿಯರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿರುತ್ತೇವೆ.

ಎಡದಿಂದ ಮೂರನೆಯ ಮುಖವಾಡ ಆ ಹುಡುಗಿಯದು. ಅವಳ ತಾಯಿಗೆ ಹೇಳಿದ್ದೇನೆ. ನಿಮ್ಮ ಮಗು ಎಷ್ಟನೆಯದು ಎಂದು ಮನೆಯಲ್ಲೇ ಕೇಳಿಕೊಂಡು ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ