ಡಾಕ್ಟರ್ ಮಾತು ಕಳೆದುಕೊಂಡ ಆ ಸಂಚಿಕೆ: ಯುವ ಬರಹಗಾರ್ತಿಗೊಂದು ಪತ್ರ

ಪ್ರೀತಿಯ ಗೆಳತಿ,

ನಿನ್ನ ಕಥೆ ಓದಿದೆ. ನೌಕೆಯೊಳಗೆ ಸಿಕ್ಕಿಬಿದ್ದ ಆರು ಜನ, ಹೊರಗಿನಿಂದ ಗೋಡೆ ಕೆರೆಯುವ ಸದ್ದು. ಮೊದಲ ಮೂರು ಪುಟ ಉಸಿರು ಬಿಗಿಹಿಡಿದು ಓದಿದೆ. ನಾಲ್ಕನೇ ಪುಟದಲ್ಲಿ ಆ ಜೀವಿ ಒಳಗೆ ಬಂತು. ಕಾಲುಗಳು, ಲೋಳೆ, ಕಣ್ಣುಗಳು ಎಲ್ಲದರ ವರ್ಣನೆ ಬಂತು. ಅಲ್ಲಿಗೆ ನನ್ನ ಭಯ ಹೋಯಿತು. ಯಾಕೆ ಹೋಯಿತು ಅಂತ ಯೋಚಿಸುತ್ತಾ ಕೂತಾಗ ನೆನಪಾದದ್ದು 'ಡಾಕ್ಟರ್ ಹೂ' ಸರಣಿಯ ಒಂದು ಸಂಚಿಕೆ. ಅದರ ಬಗ್ಗೆಯೇ ಬರೆಯುತ್ತೇನೆ. ನಿನ್ನ ಕಥೆಗೆ ಬೇಕಾದ್ದೆಲ್ಲ ಅದರಲ್ಲಿದೆ.

ಸರಣಿ ನಿನಗೆ ಗೊತ್ತಿದೆ. ಕಾಲದಲ್ಲೂ ಬಾಹ್ಯಾಕಾಶದಲ್ಲೂ ಅಲೆಯುವ, 'ಡಾಕ್ಟರ್' ಅಂತಲೇ ಕರೆಸಿಕೊಳ್ಳುವ ಅನ್ಯಗ್ರಹದವನೇ ಅದರ ನಾಯಕ. 1963ರಲ್ಲಿ ಬಿಬಿಸಿ ಟಿವಿಯಲ್ಲಿ ಶುರುವಾಗಿ, 1989ರಲ್ಲಿ ನಿಂತು, 2005ರಲ್ಲಿ ರಸೆಲ್ ಟಿ ಡೇವಿಸ್ ಕೈಯಲ್ಲಿ ಮತ್ತೆ ಜೀವ ಪಡೆದದ್ದು. ನಾನು ಹೇಳುತ್ತಿರುವ ಸಂಚಿಕೆಯ ಹೆಸರು 'ಮಿಡ್‌ನೈಟ್'. ಪ್ರಸಾರವಾದದ್ದು 2008ರ ಜೂನ್ 14ರಂದು. ಬರೆದದ್ದು ಡೇವಿಸ್, ನಿರ್ದೇಶನ ಆಲಿಸ್ ಟ್ರೌಟನ್ ಅವರದು. ನೀನು ನೋಡಿಲ್ಲದಿದ್ದರೆ ಈ ಪತ್ರ ಇಲ್ಲಿಗೇ ಮಡಚಿಟ್ಟು ನೋಡಿ ಬಾ. ಮುಂದೆ ನಾನು ಕೊನೆಯವರೆಗೂ ಹೇಳಿಬಿಡುತ್ತೇನೆ.

ಮಿಡ್‌ನೈಟ್ ಅನ್ನುವುದು ಒಂದು ಗ್ರಹ. ಅಲ್ಲಿನ ಬಿಸಿಲು ತಾಗಿದರೆ ಮನುಷ್ಯ ಬೂದಿಯಾಗುತ್ತಾನೆ. ನೀಲಮಣಿಯ ಜಲಪಾತ ನೋಡಲು ನಾಲ್ಕು ಗಂಟೆಯ ಪ್ರವಾಸ. ಕಿಟಕಿಗಳಿಗೆ ಪರದೆ ಎಳೆದ ಬಸ್ಸಿನಂಥ ಗಾಡಿಯಲ್ಲಿ ಡಾಕ್ಟರ್ ಹೊರಡುತ್ತಾನೆ. ಜೊತೆಗೆ ಒಬ್ಬ ಪ್ರೊಫೆಸರ್, ಅವರ ಸಹಾಯಕಿ ಡೀ ಡೀ, ಗಂಡ ಹೆಂಡತಿ ಮತ್ತು ಅವರ ಹದಿಹರೆಯದ ಮಗ, ಒಂಟಿಯಾಗಿ ಬಂದ ಸ್ಕೈ ಎಂಬ ಹೆಂಗಸು, ಊಟ ಕೊಡುವ ಹಾಸ್ಟೆಸ್. ಗಾಡಿ ನಡುದಾರಿಯಲ್ಲಿ ನಿಂತುಬಿಡುತ್ತದೆ. ಯಾರೂ ಬದುಕಿರಲು ಸಾಧ್ಯವಿಲ್ಲದ ಹೊರಗಿನಿಂದ ಯಾರೋ ಗೋಡೆ ತಟ್ಟುತ್ತಾರೆ. ಒಳಗಿನವರು ಮೂರು ಸಲ ತಟ್ಟಿದರೆ ಅದೂ ಮೂರು ಸಲ ತಟ್ಟುತ್ತದೆ.

ಆ ತಟ್ಟಿದ್ದು ಏನು ಅಂತ ಕೊನೆಯವರೆಗೂ ಗೊತ್ತಾಗುವುದಿಲ್ಲ. ಅದಕ್ಕೆ ಹೆಸರಿಲ್ಲ, ಆಕಾರವಿಲ್ಲ, ಎಲ್ಲಿಂದ ಬಂತು ಅನ್ನುವ ವಿವರಣೆಯೂ ಇಲ್ಲ. ದೀಪ ಆರುತ್ತದೆ. ಮತ್ತೆ ಹತ್ತಿದಾಗ ಸ್ಕೈ ಮೂಲೆಯಲ್ಲಿ ಮುದುರಿ ಕೂತಿರುತ್ತಾಳೆ, ಅಷ್ಟೇ. ಆದರೆ "ರಾಕ್ಷಸನನ್ನು ತೋರಿಸಬೇಡ" ಎಂಬ ಹಳೇ ಸಲಹೆ ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಸುಮ್ನೆ ಮರೆಮಾಡಿದರೆ ಓದುಗನಿಗೆ ಖಾಲಿತನ ಕಾಣುತ್ತದೆ, ಭಯ ಆಗುವುದಿಲ್ಲ. ಡೇವಿಸ್ ಆಕಾರವನ್ನು ತೆಗೆದ ಜಾಗದಲ್ಲಿ ಒಂದು ಕೆಲಸವನ್ನು ಇಟ್ಟರು. ಆ ಜೀವಿ ಮಾಡುವುದು ಒಂದೇ ಕೆಲಸ. ಅದನ್ನು ಅವರು ಎಷ್ಟು ತಾಳ್ಮೆಯಿಂದ ಬೆಳೆಸಿದ್ದಾರೆ ನೋಡು.

ಜೀವಿ ಒಳಹೊಕ್ಕ ಸ್ಕೈ ಮೊದಲು ಇತರರ ಮಾತನ್ನು ಅವರ ಹಿಂದೆಯೇ ಹೇಳುತ್ತಾಳೆ. ಮಕ್ಕಳು ಒಬ್ಬರನ್ನೊಬ್ಬರು ರೇಗಿಸಲು ಹೇಳಿದ್ದನ್ನೇ ತಿರುಗಿ ಹೇಳುತ್ತಾರಲ್ಲ, ಹಾಗೆ. ಮೊದಮೊದಲು ಬರೀ ಕಿರಿಕಿರಿ ಅನ್ನಿಸುತ್ತದೆ. ಪರೀಕ್ಷೆ ಮಾಡಲು ಡಾಕ್ಟರ್ ಪೈ ಸಂಖ್ಯೆಯ ವರ್ಗಮೂಲವನ್ನು ಒಂದೇ ಉಸಿರಿಗೆ ಉದ್ದಕ್ಕೆ ಹೇಳುತ್ತಾನೆ. ಅವಳೂ ಒಂದಂಕಿ ತಪ್ಪದೆ ಹೇಳುತ್ತಾಳೆ. ಆಗ ಪ್ರೊಫೆಸರ್ ಮುಖ ಬಿಳುಚಿಕೊಳ್ಳುತ್ತದೆ. ಎರಡನೆಯ ಹಂತದಲ್ಲಿ ಅವಳು ಹಿಂದೆ ಅಲ್ಲ, ಜೊತೆಜೊತೆಗೇ ಹೇಳುತ್ತಾಳೆ. ಅವರ ಬಾಯಿಂದ ಮಾತು ಹೊರಡುವಾಗಲೇ ಇವಳ ಬಾಯಿಂದಲೂ ಹೊರಡುತ್ತದೆ. ಆಮೇಲೆ ಉಳಿದವರನ್ನೆಲ್ಲ ಬಿಟ್ಟು ಡಾಕ್ಟರ್ ಒಬ್ಬನ ಮಾತಿಗೇ ಅಂಟಿಕೊಳ್ಳುತ್ತಾಳೆ. ಮೂರನೆಯ ಹಂತದಲ್ಲಿ ಮಾತು ಅವಳಿಂದ ಮೊದಲು ಬರುತ್ತದೆ, ಡಾಕ್ಟರ್ ಹಿಂದಿನಿಂದ ಹೇಳುತ್ತಾನೆ. ಕದಲಲೂ ಆಗದೆ, ಕಣ್ಣಲ್ಲಿ ನೀರು ತುಂಬಿಕೊಂಡು.

ರಕ್ತವಿಲ್ಲ, ಗುಂಡಿನ ಸದ್ದಿಲ್ಲ. ಹಿಂದೆ, ಜೊತೆಗೆ, ಮುಂದೆ. ಇಷ್ಟೇ ಬದಲಾವಣೆ. ಲೆಸ್ಲೀ ಶಾರ್ಪ್ ಆ ಪಾತ್ರ ಮಾಡಿದ್ದಾರೆ. ತನ್ನದಲ್ಲದ ಎಷ್ಟೋ ಜನರ ಮಾತನ್ನು ಕಲಿತು, ಡಾಕ್ಟರ್ ಪಾತ್ರದ ಡೇವಿಡ್ ಟೆನಂಟ್ ಜೊತೆ ತುಟಿಗೆ ತುಟಿ ಹೊಂದಿಸಿ ಆಡಿದ್ದಾರೆ. ಅದನ್ನು ನೋಡಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ನಿನಗೆ ಹೇಳಬೇಕಾದ ಮಾತಿಗೆ ಬರುತ್ತೇನೆ. ಡಾಕ್ಟರ್ ಹತ್ತಿರ ಬಂದೂಕು ಇರುವುದಿಲ್ಲ. ಅವನು ಗೆಲ್ಲುವುದು ಮಾತಿನಿಂದ. ಎಂಥ ಗುಂಪಿನ ನಡುವೆ ಬಿದ್ದರೂ ಎರಡು ನಿಮಿಷ ಪಟಪಟ ಮಾತಾಡಿ ಎಲ್ಲರನ್ನೂ ತನ್ನ ಕಡೆ ಮಾಡಿಕೊಳ್ಳುತ್ತಾನೆ. ಆ ಜೀವಿ ಕಿತ್ತುಕೊಂಡದ್ದು ಅದನ್ನೇ. ಬೇರೆ ನಾಯಕನ ಮುಂದೆ ಈ ಜೀವಿ ಇಷ್ಟು ಭಯ ಹುಟ್ಟಿಸುತ್ತಿರಲಿಲ್ಲ. ಡೇವಿಸ್ ಅಲ್ಲಿಗೂ ಬಿಡಲಿಲ್ಲ. ಮಾತು ಪೂರ್ತಿ ಹೋಗುವ ಮೊದಲೇ ಅದು ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ. ನಿನ್ನ ಮಾತು ನಾವ್ಯಾಕೆ ಕೇಳಬೇಕು ಅಂತ ಜನ ಕೇಳಿದಾಗ, ನಾನು ಜಾಣ ಅನ್ನುತ್ತಾನೆ ಡಾಕ್ಟರ್. ಬೇರೆ ಸಂಚಿಕೆಗಳಲ್ಲಿ ನಾವು ಚಪ್ಪಾಳೆ ಹೊಡೆಯುವ ಮಾತು ಅದು. ಇಲ್ಲಿ ಎಲ್ಲರ ಮುಖ ಗಂಟಾಗುತ್ತದೆ. ಹೆಸರು ಕೇಳಿದರೆ ಜಾನ್ ಸ್ಮಿತ್ ಅಂತ ಇಂಗ್ಲಿಷಿನ ತೀರಾ ಸಾಮಾನ್ಯ ಹೆಸರು ಹೇಳುತ್ತಾನೆ. ಅದನ್ನು ಯಾರೂ ನಂಬುವುದಿಲ್ಲ. ಆ ವಿಚಿತ್ರ ಜೀವಿಯನ್ನು ಕಂಡು ಅವನಿಗೆ ಆದ ಕುತೂಹಲ, ಅವನ ಕಣ್ಣಿನ ಹೊಳಪು, ಎಲ್ಲವೂ ಅವನ ಮೇಲಿನ ಆರೋಪವಾಗುತ್ತವೆ.

ಅವನ ಪರವಾಗಿ ಸಾಕ್ಷಿ ಹೇಳಲು ಯಾರೂ ಇಲ್ಲ. ಇದಕ್ಕೆ ಕಾರಣ ತೀರಾ ವ್ಯಾವಹಾರಿಕ. ಆ ವರ್ಷ ಎರಡು ಸಂಚಿಕೆಗಳನ್ನು ಒಟ್ಟೊಟ್ಟಿಗೆ ಚಿತ್ರೀಕರಿಸಬೇಕಿತ್ತು. ಹಾಗಾಗಿ ಡಾಕ್ಟರ್ ಸಂಗಾತಿ ಡೋನಾಳ ಪಾತ್ರದ ಕ್ಯಾಥರೀನ್ ಟೇಟ್ ಮುಂದಿನ ಸಂಚಿಕೆ 'ಟರ್ನ್ ಲೆಫ್ಟ್' ಹೊತ್ತರು, ಟೆನಂಟ್ ಇದನ್ನು ಹೊತ್ತರು. ಇಲ್ಲಿ ಡೋನಾ ಶುರುವಿನಲ್ಲಿ, ಕೊನೆಯಲ್ಲಿ ಮಾತ್ರ ಕಾಣುತ್ತಾಳೆ. ಅವಳು ಆ ಗಾಡಿಯಲ್ಲಿದ್ದಿದ್ದರೆ "ಇವನು ಒಳ್ಳೆಯವನು, ನಂಬಿ" ಅಂತ ಹೇಳುತ್ತಿದ್ದಳು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಟಿ ಸಿಗದ ಕೊರತೆಯನ್ನು ಡೇವಿಸ್ ಕಥೆಯ ಬೆನ್ನೆಲುಬು ಮಾಡಿಕೊಂಡರು. ಮುಕ್ಕಾಲು ಪಾಲು ಸಂಚಿಕೆ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಪತ್ರಿಕೆಯವರು ಪದಮಿತಿ ಹಾಕುತ್ತಾರೆ ಅಂತ ನೀನು ಬೇಜಾರು ಮಾಡಿಕೊಂಡಿದ್ದೆಯಲ್ಲ, ಅದಕ್ಕೇ ಇದನ್ನು ಹೇಳಿದೆ.

ಆ ಪ್ರಯಾಣಿಕರನ್ನೂ ನೋಡು. ಶುರುವಿನಲ್ಲಿ ಎಲ್ಲರೂ ಎಷ್ಟು ಒಳ್ಳೆಯವರು! ಡಾಕ್ಟರ್ ಗಾಡಿಯ ಮನರಂಜನೆಯ ಪರದೆಗಳನ್ನು ಗುಟ್ಟಾಗಿ ಕೆಡಿಸಿಬಿಡುತ್ತಾನೆ. ಬೇರೆ ದಾರಿಯಿಲ್ಲದೆ ಜನ ಮಾತಿಗೆ ಕೂರುತ್ತಾರೆ. ತಟ್ಟೆಯಲ್ಲಿರುವುದು ಕೋಳಿಯೋ ದನದ ಮಾಂಸವೋ ಅಂತ ನಗುತ್ತಾರೆ. ಮುಂದೆ, ಜೀವಿ ಈಗ ಡಾಕ್ಟರ್ ಒಳಗೆ ಹೋಗಿದೆ ಅಂತ ನಂಬಿ, ಅವನನ್ನು ಹೊರಗೆಸೆಯಲು ಬಾಗಿಲಿಗೆ ಎಳೆಯುವವರು ಇವರೇ. ಒಬ್ಬರೂ ದುಷ್ಟರಲ್ಲ. ಹೆದರಿದ್ದಾರೆ, ಅಷ್ಟೇ. ಡೀ ಡೀಯನ್ನು ಪ್ರೊಫೆಸರ್ ಎಲ್ಲರ ಮುಂದೆ ಗದರಿಸಿ ಬಾಯಿ ಮುಚ್ಚಿಸುತ್ತಾರೆ. ಆದರೆ ಜೀವಿ ಇನ್ನೂ ಸ್ಕೈ ಒಳಗೇ ಇದೆ ಅಂತ ವಾದಿಸುವವಳು ಅವಳೇ. ಮೊದಲ ಅರ್ಧದ ಆ ಸಣ್ಣ ಅವಮಾನ ಇಲ್ಲದಿದ್ದರೆ ಎರಡನೇ ಅರ್ಧದಲ್ಲಿ ಅವಳ ಮಾತನ್ನು ಯಾರೂ ಕೇಳದಿರುವುದು ಇಷ್ಟು ಚುಚ್ಚುತ್ತಿರಲಿಲ್ಲ, ಅಲ್ವಾ?

ಹಾಸ್ಟೆಸ್ ಬಗ್ಗೆ ಹೇಳದೆ ಮುಗಿಸಲಾರೆ. ರಾಕಿ ಅಯೋಲಾ ಆ ಪಾತ್ರ ಮಾಡಿದ್ದಾರೆ. ಸ್ಕೈಯನ್ನು ಹೊರಗೆ ಎಸೆಯೋಣ ಎಂಬ ಮಾತು ಮೊದಲು ಬರುವುದು ಇವಳ ಬಾಯಿಂದ. ಎಷ್ಟು ಕೆಟ್ಟವಳು ಅನ್ನಿಸುತ್ತದೆ. ಕೊನೆಗೆ ಡಾಕ್ಟರ್ ಸದಾ ಬಳಸುವ ಫ್ರೆಂಚ್, ಇಟಾಲಿಯನ್ ಪದಗಳು ಸ್ಕೈ ಬಾಯಲ್ಲಿ ಬಂದಾಗ ಕಳ್ಳ ಯಾರು ಅಂತ ಗುರುತಿಸುವವಳೂ ಇವಳೇ. ಸ್ಕೈಯನ್ನು ಹಿಡಿದುಕೊಂಡು ಬಾಗಿಲು ತೆರೆಯುತ್ತಾಳೆ. ಆರು ಸೆಕೆಂಡು ಎಣಿಸುತ್ತಾಳೆ. ಇಬ್ಬರೂ ಹೊರಗೆ ಹೋಗುತ್ತಾರೆ. ಆಮೇಲೆ ಡಾಕ್ಟರ್ ಅವಳ ಹೆಸರೇನು ಅಂತ ಕೇಳುತ್ತಾನೆ. ಯಾರಿಗೂ ಗೊತ್ತಿಲ್ಲ. ನಮಗೂ ಗೊತ್ತಿಲ್ಲ, ಯಾಕೆಂದರೆ ಊಟದ ತಟ್ಟೆ ಇಸಿದುಕೊಂಡಾಗ ನಾವೂ ಕೇಳಿರಲಿಲ್ಲ. ಇಡೀ ಸರಣಿಯಲ್ಲಿ ಇದಕ್ಕಿಂತ ಚೆನ್ನಾಗಿ ಬರೆದ ಪ್ರಶ್ನೆ ನನಗೆ ಕಂಡಿಲ್ಲ.

2025ರಲ್ಲಿ 'ದಿ ವೆಲ್' ಎಂಬ ಸಂಚಿಕೆಯಲ್ಲಿ ಸರಣಿ ಅದೇ ಗ್ರಹಕ್ಕೆ ಮರಳಿತು. ಅಲ್ಲಿ ಜೀವಿಯ ಕೆಲಸವೇ ಬೇರೆ, ಅದು ಒಬ್ಬರ ಬೆನ್ನ ಹಿಂದೆ ನಿಲ್ಲುತ್ತದೆ. ನನಗೆ ಈಗಲೂ ಮೊದಲನೆಯದೇ ಹೆಚ್ಚು.

ಈಗ ನಿನ್ನ ಕಥೆ. ನಿನ್ನ ಕ್ಯಾಪ್ಟನ್ ಒಂದು ಮಾತು ಹೇಳಿದರೆ ಐದೂ ಜನ ಓಡಿಹೋಗಿ ಮಾಡುತ್ತಾರೆ. ಅವಳ ಬಲ ಅದು. ಅವಳು ಬಾಯಿ ತೆರೆಯುವ ಮೊದಲೇ ಅವಳ ಆಜ್ಞೆ ನಡೆದುಹೋಗಿದ್ದರೆ? ಬೇಡ ಅಂತ ಅವಳು ಕೂಗುವಷ್ಟರಲ್ಲಿ ಬಾಗಿಲು ತೆರೆದಿದ್ದರೆ? ಹೀಗೇ ಮಾಡು ಅನ್ನುತ್ತಿಲ್ಲ. ಈ ದಿಕ್ಕಿನಲ್ಲಿ ಹುಡುಕು. ನಾಲ್ಕನೇ ಪುಟದ ವರ್ಣನೆಯನ್ನು ಪೂರ್ತಿ ತೆಗೆ. ಎರಡನೇ ಪುಟದಲ್ಲಿ ಅಡುಗೆಯವನಿಗೆ ಎರಡು ಸಾಲು ಮಾತ್ರ ಕೊಟ್ಟಿದ್ದೀಯ. ಅವನನ್ನು ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ ಮಾತಾಡಿಸು, ಅವನಿಗೆ ಏನೋ ಗೊತ್ತಿದೆ ಅಂತ ನನಗೆ ಅನ್ನಿಸುತ್ತಿದೆ. ತಿದ್ದಿದ್ದನ್ನು ಮೊದಲು ಗಟ್ಟಿಯಾಗಿ ಓದಿ ನೋಡು, ಆಮೇಲೆ ನನಗೆ ಕಳಿಸು. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ