ಮಗಳಿಗೊಂದು ಪತ್ರ: ಕರಿಯನ ಬಣ್ಣ ಕಪ್ಪಲ್ಲ

ಜೋಗಿಮಟ್ಟಿ ರಸ್ತೆ,
ಚಿತ್ರದುರ್ಗ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಉಭಯ ಕುಶಲೋಪರಿ. ಬೆಂಗಳೂರಿನ ನಿನ್ನ ಹೊಸ ಬಾಡಿಗೆ ಮನೆಯ ಗೋಡೆಗೆ ನಮ್ಮ ನಾಯಿ ಕರಿಯನದೊಂದು ಚಿತ್ರ ಬೇಕೆಂದು ನೀನು ಅವನ ಫೋಟೊ ಕಳುಹಿಸಿ ಮೂರು ತಿಂಗಳಾಯಿತು. ಪ್ರತಿ ಭಾನುವಾರ ನೀನು ಕೇಳುವುದು, ನಾನು 'ಆಗುತ್ತಿದೆ' ಎನ್ನುವುದು, ಹಿಂದಿನಿಂದ ನಿನ್ನ ಅಮ್ಮ 'ಕ್ಯಾನ್‌ವಾಸು ಇನ್ನೂ ಬೆಳ್ಳಗೇ ಇದೆ' ಎಂದು ಗುಟ್ಟು ರಟ್ಟು ಮಾಡುವುದು ನಡೆದೇ ಇತ್ತು. ತಡವಾದದ್ದು ಸೋಮಾರಿತನದಿಂದಲ್ಲ. ಕಾರಣವನ್ನು ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೆ ಇವನು ಬೊಗಳುತ್ತಾನೆ, ಇಲ್ಲವೇ ನಿನಗೆ ಆಫೀಸಿನ ಕರೆ ಬರುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ನೀನು ಕಳುಹಿಸಿದ ಫೋಟೊದಲ್ಲಿ ಕರಿಯ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಾನೆ. ತೀರ ಹತ್ತಿರದಿಂದ ತೆಗೆದದ್ದರಿಂದ ಮೂಗು ಬದನೆಕಾಯಿಯಷ್ಟಾಗಿ, ಕಿವಿಗಳು ಎಲ್ಲೋ ಹಿಂದೆ ಉಳಿದು, ಮೈಯೆಲ್ಲ ಒಂದು ಕಪ್ಪು ಮುದ್ದೆಯಾಗಿದೆ. ಅದರ ಮೇಲೆ ಚೌಕ ಎಳೆದು, ದೊಡ್ಡದು ಮಾಡಿ ಬಣ್ಣ ಹಚ್ಚಿ ಕೊಡುವುದು ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನಿಗೆ ಎರಡು ದಿನದ ಕೆಲಸ. ನಿವೃತ್ತರಾದವರ, ತೀರಿಕೊಂಡವರ ಭಾವಚಿತ್ರಗಳನ್ನು ಹಾಗೆಯೇ ಎಷ್ಟೋ ಬರೆದುಕೊಟ್ಟಿದ್ದೇನೆ. ಆದರೆ ಚಿತ್ರ ಬರೆಯುವುದನ್ನು ನನಗೆ ಎರಡನೆಯ ಸಲ ಕಲಿಸಿದ ಪ್ರಾಣಿಯನ್ನು ಆ ಪಟ್ಟಿಗೆ ಸೇರಿಸಲು ಕೈ ಬರಲಿಲ್ಲ.

ನೀನು ಎಂಟನೆಯ ತರಗತಿಯಲ್ಲಿದ್ದಾಗ ಮಳೆಯಲ್ಲಿ ತೊಯ್ದ ಈ ಮರಿಯನ್ನು ಮೆದೇಹಳ್ಳಿ ರಸ್ತೆಯ ಮೋರಿಯ ಬಳಿಯಿಂದ ಶಾಲೆಯ ಚೀಲದಲ್ಲಿಟ್ಟುಕೊಂಡು ಬಂದೆಯಲ್ಲ, ಆಗ ನನ್ನ ಚಿತ್ರಕಲೆ ಯಾವ ಸ್ಥಿತಿಯಲ್ಲಿತ್ತೆಂಬುದು ನಿನಗೆ ತಿಳಿದಿರಲಾರದು. ಹೆಸರಿನಲ್ಲೇ ಚಿತ್ರವನ್ನಿಟ್ಟುಕೊಂಡ ಊರಿನಲ್ಲಿದ್ದುಕೊಂಡು ನಾನು ವರ್ಷಾನುಗಟ್ಟಲೆ ಬರೆದದ್ದು ಬೆರಳೆಣಿಕೆಯ ಚಿತ್ರಗಳನ್ನೇ: ಕೋಟೆಯ ಬಾಗಿಲು, ಉಯ್ಯಾಲೆ ಕಂಬ, ಕಿಂಡಿಯ ಪಕ್ಕದಲ್ಲಿ ಒನಕೆ ಎತ್ತಿದ ಓಬವ್ವ. ವಾರ್ಷಿಕೋತ್ಸವದ ಪರದೆಗೂ ಅದೇ, ಬೀಳ್ಕೊಡುಗೆಯ ನೆನಪಿನ ಕಾಣಿಕೆಗೂ ಅದೇ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆನೆಂದು ಹೆಮ್ಮೆಪಡುತ್ತಿದ್ದೆ. ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ಬರೆಯುತ್ತಿದ್ದೆ. ಬಂಡೆ ಎಂದರೆ ಬೂದು, ಅದರ ನೆರಳೆಂದರೆ ಕಪ್ಪು, ಮುಗಿಯಿತು.

ಮರಿ ನಡುಮನೆಯ ಗೋಣಿಚೀಲದ ಮೇಲೆ ಮಲಗಿದ್ದ ಒಂದು ಮಧ್ಯಾಹ್ನ, ನೀನು ಪೀಡಿಸಿದೆ ಎಂದು ಪೆನ್ಸಿಲ್ ಹಿಡಿದೆ. ಬೆನ್ನಿನ ಗೆರೆ ಬಾಲವನ್ನು ಮುಟ್ಟುವ ಮೊದಲೇ ಅವನು ಮಗ್ಗುಲು ಬದಲಿಸಿದ. ಮತ್ತೆ ಶುರು ಮಾಡಿದೆ, ಎದ್ದು ಮೈಮುರಿದ. ಕೋಟೆಯ ಕಲ್ಲು ಯಾವತ್ತೂ ನನಗೆ ಹೀಗೆ ಮಾಡಿರಲಿಲ್ಲ. ಕೊನೆಗೊಂದು ಉಪಾಯ ಹೊಳೆಯಿತು: ಒಂದೇ ಹಾಳೆಯಲ್ಲಿ ಎಂಟು ಹತ್ತು ಚಿತ್ರಗಳನ್ನು ಏಕಕಾಲಕ್ಕೆ ಆರಂಭಿಸುವುದು, ಅವನು ಭಂಗಿ ಬದಲಿಸಿದರೆ ನಾನೂ ಇನ್ನೊಂದಕ್ಕೆ ಹೋಗುವುದು, ಹಳೆಯ ಭಂಗಿಗೆ ಮರಳಿದರೆ ಬಿಟ್ಟಲ್ಲಿಂದ ಮುಂದುವರಿಸುವುದು. ನಾಯಿ ಮರಳಿಯೇ ಮರಳುತ್ತದೆ, ಏಕೆಂದರೆ ಅದು ಮಲಗುವ ರೀತಿಗಳು ಹೆಚ್ಚೆಂದರೆ ಆರೇಳು. 1995ರ ಸುಮಾರಿಗೆ ಡೇವಿಡ್ ಹಾಕ್ನಿ ಎಂಬ ಇಂಗ್ಲೆಂಡಿನ ಕಲಾವಿದರು ತಮ್ಮ ಸ್ಟ್ಯಾನ್ಲಿ ಮತ್ತು ಬೂಡ್ಜಿ ಎಂಬ ಎರಡು ಗಿಡ್ಡಕಾಲಿನ ಡ್ಯಾಶುಂಡ್ ನಾಯಿಗಳನ್ನು ಬರೆಯಲು ಮನೆಯ ತುಂಬ ಕಾಗದ, ಕ್ಯಾನ್‌ವಾಸುಗಳನ್ನು ಸಿದ್ಧವಾಗಿಟ್ಟುಕೊಂಡು ಕಾಯುತ್ತಿದ್ದರೆಂದು ಆಮೇಲೆ ಎಲ್ಲೋ ಓದಿದಾಗ ನನಗೆ ಬಹಳ ಸಮಾಧಾನವಾಯಿತು. ಅಷ್ಟು ದೊಡ್ಡವರನ್ನೂ ನಾಯಿಗಳು ಹಾಗೆಯೇ ಕುಣಿಸಿದ್ದವು. ಈಗ ನನ್ನ ಬಳಿ ಅಂಥ ಹಾಳೆಗಳ 11 ಪುಸ್ತಕಗಳಿವೆ. ಮೊದಲನೆಯದರಲ್ಲಿ ಒಂದೂ ಇಡಿಯ ನಾಯಿಯಿಲ್ಲ.

ಅವನನ್ನು ಸರಿಯಾಗಿ ನೋಡಲು ಕುರ್ಚಿ ಬಿಟ್ಟು ನೆಲದ ಮೇಲೆ ಕೂರಬೇಕಾಯಿತು. ಮೇಲಿನಿಂದ ನೋಡಿದರೆ ನಾಯಿಯೆಂದರೆ ಒಂದು ಬೆನ್ನು ಅಷ್ಟೇ. ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಹೊಸ್ತಿಲು ಕಟ್ಟೆಯಾಗುತ್ತದೆ, ಅಂಗಳದ ತುಳಸಿಕಟ್ಟೆ ಬುರುಜಿನಂತೆ ಎದ್ದು ನಿಲ್ಲುತ್ತದೆ. ಈ ವಯಸ್ಸಿನಲ್ಲಿ ನೆಲಕ್ಕೆ ಕೂತರೆ ಏಳುವುದು ಕಷ್ಟವೆಂದು ನಿನ್ನ ಅಮ್ಮ ಗೊಣಗಿದ್ದೂ ಸುಳ್ಳಲ್ಲ.

ಇನ್ನು ಬಣ್ಣದ ವಿಷಯ. ಕಪ್ಪು ನಾಯಿಗೆ ಕಪ್ಪು ಬಣ್ಣ ಹಚ್ಚಿದರಾಯಿತೆಂದುಕೊಂಡು ಟ್ಯೂಬಿನ ಕಪ್ಪನ್ನು ಹಚ್ಚಿದೆ; ಕ್ಯಾನ್‌ವಾಸಿನಲ್ಲಿ ನಾಯಿಯ ಆಕಾರದ ತೂತು ಬಿದ್ದಂತಾಯಿತು. ಆಗ ಅವನನ್ನು ಬಿಸಿಲಿಗೆ ಕರೆದುಕೊಂಡು ಹೋಗಿ ನೋಡತೊಡಗಿದೆ. ಬೆನ್ನಿನ ಮೇಲೆ ಆಕಾಶದ ನೀಲಿ ನೀರಿನಂತೆ ಹರಿದಿರುತ್ತದೆ. ಹೊಟ್ಟೆಯ ಅಡಿಯಲ್ಲಿ, ಎಲ್ಲಕ್ಕಿಂತ ಕತ್ತಲಿರಬೇಕಾದ ಜಾಗದಲ್ಲಿ, ಅಂಗಳದ ಕೆಮ್ಮಣ್ಣಿನಿಂದ ಪುಟಿದ ಬೆಳಕು ಬಿದ್ದು ಬೆಚ್ಚಗಿನ ಕಂದು ಬಣ್ಣವಿರುತ್ತದೆ. ಬೇಸಗೆ ಕಳೆಯುವ ಹೊತ್ತಿಗೆ ಬಾಲದ ತುದಿಯೂ ತೊಡೆಯ ಹಿಂಭಾಗವೂ ಬಿಸಿಲಿಗೆ ಮಾಸಿ ತುಕ್ಕು ಹಿಡಿದ ಕಬ್ಬಿಣದಂತಾಗುತ್ತವೆ. ಅಲ್ಟ್ರಾಮರೀನ್ ನೀಲಿಯನ್ನೂ ಬರ್ನ್ಟ್ ಅಂಬರ್ ಕಂದನ್ನೂ ಬೆರೆಸಿ, ಒಂದು ಕಡೆ ನೀಲಿ ಹೆಚ್ಚು, ಇನ್ನೊಂದು ಕಡೆ ಕಂದು ಹೆಚ್ಚು ಮಾಡುತ್ತ ಹೋದಾಗ ಆ ಕಪ್ಪಿಗೆ ಉಸಿರು ಬಂತು. ಕಪ್ಪಿನ ಟ್ಯೂಬನ್ನು ಅಂದಿನಿಂದ ನಾನು ಕೊಂಡಿಲ್ಲ.

ಅದೇ ವಾರ ಅವನೊಡನೆ ಚಂದ್ರವಳ್ಳಿಯ ಕಡೆಗೆ ನಡೆದು ಹೋಗುತ್ತಿದ್ದಾಗ ಎದುರಿನ ಬಂಡೆಯ ನೆರಳಿನಲ್ಲಿ ನೀಲಿ ಕಂಡು ನಿಂತುಬಿಟ್ಟೆ. ಹುಟ್ಟಿದಾಗಿನಿಂದ ನೋಡಿದ ಬಂಡೆ! ಮಳೆನೀರು ಇಳಿದ ಕಪ್ಪು ಪಟ್ಟೆಗಳ ನಡುವೆ ಜೇನಿನ ಬಣ್ಣ, ಬುಡದಲ್ಲಿ ನೆಲದಿಂದ ಪುಟಿದ ಕೆಂಪು. ಕರಿಯನ ಮೈಮೇಲೆ ಆದದ್ದೆಲ್ಲ ಬಂಡೆಯ ಮೇಲೂ ಆಗುತ್ತಿತ್ತು. ಅಷ್ಟು ವರ್ಷ ನನಗೆ ಕಂಡಿರಲಿಲ್ಲ. ಅವನು ಮುಂದೆ ಮುಂದೆ ಇಳಿಯುತ್ತಿದ್ದ. ಮನುಷ್ಯರಿಗಿರುವಂತೆ ನಾಯಿಗೆ ಮುಂಗಾಲನ್ನು ಎದೆಗೂಡಿಗೆ ಕೂಡಿಸುವ ಕೊರಳೆಲುಬಿನ ಆಸರೆಯಿಲ್ಲ, ಸ್ನಾಯುಗಳೇ ಹಿಡಿದಿರುತ್ತವೆ. ಹಾಗಾಗಿ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಹೆಗಲ ಮೂಳೆ ಬೆನ್ನಿಗಿಂತ ಮೇಲೆದ್ದು ಮುಳುಗುತ್ತದೆ. ಆ ಏಳುಬೀಳನ್ನು ನೋಡಿ ತಲೆಯೆತ್ತಿದರೆ, ಗುಡ್ಡದ ಸಾಲೂ ಒಂದರ ಹಿಂದೊಂದು ಹೆಗಲೆತ್ತಿ ಇಳಿಯುತ್ತಿರುವಂತೆ ಕಂಡಿತು. ನನ್ನ ಬಂಡೆಗಳು ಅಂದಿನಿಂದ ಗೋಡೆಗೆ ಅಂಟಿಸಿದಂತೆ ನಿಲ್ಲಲಿಲ್ಲ.

ನಾಯಕನಹಟ್ಟಿ ಜಾತ್ರೆಯಿಂದ ನೀನು ತಂದ ಕೆಂಪು ಚೆಂಡನ್ನು ಹುಲ್ಲಿನಲ್ಲಿ ಎಸೆದರೆ ಅವನು ಪಕ್ಕದಲ್ಲೇ ದಾಟಿಹೋಗಿ, ಆಮೇಲೆ ಮೂಸಿ ಹುಡುಕುತ್ತಿದ್ದ. ನೀಲಿ ಚೆಂಡಿಗಾದರೆ ನೇರವಾಗಿ ಓಡುತ್ತಿದ್ದ. 'ಇವನಿಗೆ ಬುದ್ಧಿಯಿಲ್ಲ' ಎಂದು ನೀನು ನಗುತ್ತಿದ್ದೆ. ಬಣ್ಣವನ್ನು ಗುರುತಿಸುವ ಶಂಕುಕೋಶಗಳು ನಮ್ಮ ಕಣ್ಣಿನಲ್ಲಿ 3 ಬಗೆಯವಾದರೆ ನಾಯಿಯ ಕಣ್ಣಿನಲ್ಲಿ 2 ಬಗೆಯವು ಮಾತ್ರ ಎಂದು ಪಶುವೈದ್ಯರು ತಿಳಿಸಿದರು. ನೀಲಿ, ಹಳದಿಗಳು ಅದಕ್ಕೆ ಬೇರೆಬೇರೆಯಾಗಿ ತಿಳಿಯುತ್ತವೆ. ಕೆಂಪು, ಹಸಿರುಗಳು ಬೆರೆತುಹೋಗುತ್ತವೆ. ಆದರೆ ಕಣ್ಣಿನೊಳಗೆ ಹಿಂಬದಿಯಲ್ಲಿ ಕನ್ನಡಿಯಂಥ ಪದರವೊಂದಿರುವುದರಿಂದ ಮುಸ್ಸಂಜೆಯಲ್ಲಿ ಅದರ ದೃಷ್ಟಿ ನಮಗಿಂತ ಚುರುಕು. ಇದನ್ನು ಕೇಳಿ ಬಂದ ಸಂಜೆ ಕೆಂಪು, ಹಸಿರು ಟ್ಯೂಬುಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು, ನೀಲಿ, ಹಳದಿ ಓಕರ್ ಮತ್ತು ಬಿಳಿ ಇಷ್ಟನ್ನೇ ಹಿಡಿದು ಮಾಳಿಗೆಯ ಮೇಲೆ ಕೂತೆ. ನಾಯಿ ಕಂಡ ಕೋಟೆ ಇದೇ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಎರಡು ಬಣ್ಣ ಬೆರೆತು ಹುಟ್ಟಿದ ಹಸಿರು ಛಾಯೆಯ ಬೂದು, ಮಳೆ ನಿಂತ ಮೇಲಿನ ನಮ್ಮ ಗುಡ್ಡದ್ದೇ ಬಣ್ಣವಾಗಿತ್ತು. ಆ ಮಾಲೆಯಲ್ಲಿ ಹದಿನೆಂಟು ಚಿತ್ರಗಳಾದವು. ಒಂದರಲ್ಲಿಯೂ ನಾಯಿಯಿಲ್ಲ.

ಅವನ್ನು ದಾವಣಗೆರೆಯಲ್ಲಿ ಗೆಳೆಯರೊಡನೆ ಪ್ರದರ್ಶನಕ್ಕಿಟ್ಟಾಗ, ಬೆಣ್ಣೆದೋಸೆಯ ಆಸೆಗೆ ನೀನೂ ಬಂದಿದ್ದೆ. ಹಿರಿಯರೊಬ್ಬರು ಎಲ್ಲವನ್ನೂ ನೋಡಿ, 'ಓಬವ್ವ ಎಲ್ಲಿ ಮೇಷ್ಟ್ರೇ?' ಎಂದು ಕೇಳಿದ್ದು ನೆನಪಿದೆಯೇ? ನೀನು ನಗು ತಡೆಯಲಾರದೆ ಹೊರಗೆ ಓಡಿದೆ. ನಾನು ಮಾತ್ರ ಆ ದಿನ, ಇದಕ್ಕೆಲ್ಲ ಕಾರಣ ಮನೆಯ ನಾಯಿ ಎಂದು ಯಾರಿಗೂ ಹೇಳಲಿಲ್ಲ. ನಾಚಿಕೆಯಾಗಿತ್ತು. ನಾಚಿಕೊಳ್ಳಬೇಕಾದದ್ದೇನೂ ಇರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಸುಮಾರು 950ರ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಬಂಟ ಮಣಲೇರ ಯುದ್ಧದ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಅರಸನಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಅದು ಸತ್ತಾಗ ಕಲ್ಲು ನಿಲ್ಲಿಸಲಾಯಿತು. ಶಿಲ್ಪಿ ಆ ಕಲ್ಲಿನಲ್ಲಿ ಕಂಡರಿಸಿದ್ದು ಅರಸನನ್ನಲ್ಲ, ಹಂದಿಯೊಡನೆ ಸೆಣಸುತ್ತಿರುವ ಆ ನಾಯಿಯನ್ನು. ಬಿಡುವಾದಾಗ ಹೋಗಿ ನೋಡು.

ಕರಿಯನಿಗೆ ಈಗ ಹನ್ನೆರಡು ತುಂಬಿದೆ. ಮೂತಿಯ ಬಿಳಿ ಹುಬ್ಬಿನವರೆಗೆ ಏರಿದೆ, ಕಣ್ಣಿನ ಗುಡ್ಡೆಯಲ್ಲಿ ಹೊಗೆಯಂಥ ತಿಳಿನೀಲಿ ಬಂದಿದೆ. ವಯಸ್ಸಾದ ನಾಯಿಗಳಿಗೆ ಇದು ಸಹಜ, ಇನ್ನೂ ಕಾಣುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಚಂದ್ರವಳ್ಳಿಯವರೆಗೆ ಬರಲಾರ, ನಮ್ಮ ಬೀದಿಯ ಕೊನೆಯ ಬಂಡೆಯನ್ನು ಮುಟ್ಟಿ ಕೂರುತ್ತಾನೆ. ಈಗ ಅವನು ಒಂದೇ ಭಂಗಿಯಲ್ಲಿ ಮುಕ್ಕಾಲು ಗಂಟೆ ಮಲಗಬಲ್ಲ, ನಾನು ಇಡಿಯಾಗಿ ಬರೆದು ಮುಗಿಸಬಲ್ಲೆ. ಆ ಅನುಕೂಲ ನನಗೆ ಬೇಕಿರಲಿಲ್ಲ.

ನಿನ್ನ ಚಿತ್ರ ಮುಗಿದಿದೆ. ಸಂಜೆ ಆ ಬಂಡೆಯ ಬಳಿ ಅವನು ನಮಗೆ ಬೆನ್ನು ಮಾಡಿ ಕೂತಿದ್ದಾನೆ. ಕ್ಯಾನ್‌ವಾಸಿನ ಮುಕ್ಕಾಲು ಭಾಗ ಬಂಡೆ ಮತ್ತು ಆಕಾಶ, ಕೆಳಗಿನ ಮೂಲೆಯಲ್ಲಿ ಅವನ ಬೆನ್ನು, ಒಂದು ಕಿವಿ, ಮೂತಿಯ ಬಿಳಿಯ ಅಂಚು. ಸ್ಪೇನಿನ ಗೋಯಾ 1819ರಿಂದ 1823ರ ನಡುವೆ ತನ್ನ ಮನೆಯ ಗೋಡೆಗೆ ಬರೆದ ನಾಯಿಯ ಚಿತ್ರದಲ್ಲಿ ಒಂದು ಪುಟ್ಟ ತಲೆಯನ್ನು ಬಿಟ್ಟರೆ ಉಳಿದದ್ದೆಲ್ಲ ಬರಿದು. ಅಷ್ಟು ಬರಿದಾಗಿ ಬಿಡುವ ಎದೆಗಾರಿಕೆ ನನಗೆ ಬರಲಿಲ್ಲ. ಮುಖ ಕಾಣುವುದಿಲ್ಲವೆಂದು ನೀನು ಮುನಿಸಿಕೊಳ್ಳಬಹುದು. ಮುಖ ನಿನ್ನ ಮೊಬೈಲಿನಲ್ಲಿದೆ.

ಮುಂದಿನ ಭಾನುವಾರ ನಿನ್ನ ಚಿಕ್ಕಪ್ಪ ಬಸ್ಸಿನಲ್ಲಿ ತರುತ್ತಾನೆ. ಎಣ್ಣೆಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಗಾಜು ಹಾಕಿಸಬೇಡ, ಒದ್ದೆ ಬಟ್ಟೆಯಿಂದ ಒರೆಸಬೇಡ. ಎಲ್ಲರೂ ಮಾಡುವಂತೆ ಬಾಗಿಲಿನ ಎತ್ತರಕ್ಕೆ ಮೊಳೆ ಹೊಡೆಯದೆ, ನೆಲದ ಮೇಲೆ ಕೂತಾಗ ಕಣ್ಣಿಗೆ ನೇರವಾಗುವಷ್ಟು ಕೆಳಗೆ ತೂಗುಹಾಕು. ಬಂಡೆಯ ಬಲಭಾಗದಲ್ಲಿ ಹಸಿ ಬಣ್ಣಕ್ಕೆ ಒಂದೆರಡು ಕೂದಲು ಅಂಟಿವೆ. ಕೀಳಲು ಹೋದರೆ ಬಣ್ಣವೂ ಬರುತ್ತದೆಂದು ಹಾಗೆಯೇ ಬಿಟ್ಟಿದ್ದೇನೆ.

ಇಂತಿ,
ನಿನ್ನ ಅಪ್ಪ